ಕಳೆದುಹೋದ ಹದಿನಾರು ಹಾರ್ಸ್‌ಪವರ್: ಹಳೆಯ 1.6 ಇಂಜಿನ್ನಿನ ಒಂದು ಪ್ರಕರಣ

"ಮೂವತ್ತು ಹಾರ್ಸ್‌ಪವರ್ ಜಾಸ್ತಿ ಬೇಕು ಕಣೋ. ಟರ್ಬೊ ಮಾತ್ರ ಬೇಡ."

ಗೆಳೆಯ ಕೇಳಿದ್ದು ಇಷ್ಟೇ. ಅವನ ಕಾರು 1990ರ ಮಜ್ದಾ ಎಂಎಕ್ಸ್-5. ಮೊದಲ ತಲೆಮಾರಿನದು, ಹೆಡ್‌ಲೈಟು ಎದ್ದು ಮಲಗುತ್ತಲ್ಲ, ಆ ಮಾಡೆಲ್. ಅದರಲ್ಲಿರುವುದು 1.6 ಲೀಟರಿನ ಬಿ6-ಜೆಡ್‌ಇ ಇಂಜಿನ್. ಬರುವಾಗಲೇ ಅವನು ಒಂದು ಪಟ್ಟಿ ಮಾಡಿಕೊಂಡು ಬಂದಿದ್ದ: ದೊಡ್ಡ ಕ್ಯಾಮ್‌ಶಾಫ್ಟ್ (ವಾಲ್ವ್ ತೆರೆಯುವ ಶಾಫ್ಟ್), ಹೊಸ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಇಂಜಿನ್ನಿನಿಂದ ಹೊಗೆ ಹೊರಗೆ ತರುವ ಕೊಳವೆಗಳು), ಪ್ರೋಗ್ರಾಮ್ ಮಾಡಬಹುದಾದ ಇಸಿಯು (ಪೆಟ್ರೋಲ್, ಕಿಡಿ ನೋಡಿಕೊಳ್ಳುವ ಕಂಪ್ಯೂಟರ್), ಹಗುರ ಫ್ಲೈವೀಲ್. ಪಟ್ಟಿಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಕಾರು ಈಗ ಎಷ್ಟು ಕೊಡುತ್ತಿದೆ ಅನ್ನುವುದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

"ಮೊದಲು ಡೈನೋ ಮೇಲೆ ಹತ್ತಿಸೋಣ" ಅಂದೆ. ಡೈನೋ ಅಂದರೆ ಚಕ್ರಕ್ಕೆ ಬರುವ ಪವರ್ ಅಳೆಯುವ ಯಂತ್ರ.

"ಅದರಿಂದ ಪವರ್ ಬರುತ್ತಾ?"

"ಬರಲ್ಲ. ಎಷ್ಟಿದೆ ಅಂತ ಗೊತ್ತಾಗುತ್ತೆ."

ಮುಖ ಸ್ವಲ್ಪ ಸಪ್ಪೆಯಾಯಿತು. ಆದರೂ ಒಪ್ಪಿದ.

ಮೊದಲ ಅಳತೆ

ಕಾರಿನ ಹಿಂದಿನ ಮಾಲೀಕರು ಸುಮ್ಮನೆ ಕೂತವರಲ್ಲ. ಸೈಲೆನ್ಸರ್ ತೆಗೆದು ದಪ್ಪ ಪೈಪ್ ಹಾಕಿಸಿದ್ದರು. ಏರ್ ಫಿಲ್ಟರ್ ಡಬ್ಬ ಕಿತ್ತು ಬಾನೆಟ್ ಒಳಗೆ ಬಿಚ್ಚುಬಾಯಿಯ ಶಂಕು ಫಿಲ್ಟರ್ ಕೂರಿಸಿದ್ದರು. ಶಬ್ದ ಕೇಳಿದರೆ ಇನ್ನೂರು ಹಾರ್ಸ್‌ಪವರ್ ಇರಬೇಕು ಅನ್ನಿಸುತ್ತಿತ್ತು.

ಡೈನೋ ಹೇಳಿದ್ದು ಬೇರೆ. ನಾಲ್ಕನೇ ಗೇರಿನಲ್ಲಿ ಮೂರು ಬಾರಿ ಓಡಿಸಿದೆವು. ಈ ಕಾರಿನಲ್ಲಿ ನಾಲ್ಕನೇ ಗೇರ್ ಅಂದರೆ 1:1, ಹಾಗಾಗಿ ಗೇರ್‌ಬಾಕ್ಸಿನ ನಷ್ಟ ಕಮ್ಮಿ. ಮೂರು ಬಾರಿಯೂ ಚಕ್ರದಲ್ಲಿ ಸಿಕ್ಕಿದ್ದು 82 ಹಾರ್ಸ್‌ಪವರ್ ಆಸುಪಾಸು.

ಯುರೋಪಿನ ಕಾರುಗಳಿಗೆ ಕಾರ್ಖಾನೆ ಕೊಟ್ಟ ಲೆಕ್ಕ 6500 ಆರ್‌ಪಿಎಂನಲ್ಲಿ 115. ಅದು ಕ್ರ್ಯಾಂಕಿನಲ್ಲಿ, ಅಂದರೆ ಪಿಸ್ಟನ್ನುಗಳು ತಿರುಗಿಸುವ ಮುಖ್ಯ ಶಾಫ್ಟಿನಲ್ಲಿ ಅಳೆದದ್ದು. ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಡಿಫರೆನ್ಷಿಯಲ್, ಟೈರು ಎಲ್ಲಾ ಸೇರಿ ನೂರಕ್ಕೆ ಹದಿನೈದು ತಿನ್ನುತ್ತವೆ ಅಂತಿಟ್ಟುಕೊಂಡರೆ ಚಕ್ರಕ್ಕೆ 98 ಬರಬೇಕು. ಅಂದರೆ ಹದಿನಾರು ಎಲ್ಲೋ ಕಳೆದುಹೋಗಿದೆ. ಹೊಸದಾಗಿ ಮೂವತ್ತು ತರುವ ಮೊದಲು ಈ ಹದಿನಾರನ್ನು ಹುಡುಕಬೇಕಲ್ವಾ?

ಇನ್ನೊಂದು ಮಾತು. ಕೊನೆಯವರೆಗೂ ಅದೇ ಡೈನೋ, ಅದೇ ಗೇರ್, ಅದೇ ಟೈರ್ ಪ್ರೆಶರ್, ಕೂಲೆಂಟಿಗೆ ಅದೇ ಬಿಸಿ ಇಟ್ಟುಕೊಂಡೆವು. ಬೇರೆ ಬೇರೆ ಡೈನೋದ ಅಂಕಿ ತಂದು ಹೋಲಿಸುವುದು ಎರಡು ಅಂಗಡಿಯ ತಕ್ಕಡಿ ನಂಬಿದ ಹಾಗೆ.

ಗಾಳಿಯ ಲೆಕ್ಕ

ಬಿಚ್ಚುವ ಮೊದಲು ಅವನಿಗೆ ಒಂದು ಲೆಕ್ಕ ತೋರಿಸಿದೆ. ಈ ಇಂಜಿನ್ನಿನ ಬೋರ್ (ಸಿಲಿಂಡರಿನ ಅಗಲ) 78 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 83.6. ನಾಲ್ಕು ಸಿಲಿಂಡರ್ ಸೇರಿ ಒಟ್ಟು 1597 ಸಿಸಿ. ನಾಲ್ಕು ಸ್ಟ್ರೋಕ್ ಇಂಜಿನ್ ಆದ್ದರಿಂದ ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಇಷ್ಟು ಗಾಳಿ ಒಂದು ಸಲ ಒಳಗೆ ಬರುತ್ತದೆ. 6500 ಆರ್‌ಪಿಎಂ ಅಂದರೆ ನಿಮಿಷಕ್ಕೆ ಸುಮಾರು 5200 ಲೀಟರ್. ತೂಕ ಹಾಕಿದರೆ ಆರು ಕಿಲೋಗಿಂತ ಸ್ವಲ್ಪ ಜಾಸ್ತಿ. ಅದೂ ಸಿಲಿಂಡರ್ ಪೂರ್ತಿ ತುಂಬಿದರೆ.

ಟರ್ಬೊ ಇದ್ದರೆ ಗಾಳಿಯನ್ನು ಒತ್ತಿ ತುರುಕಬಹುದು. ಇಲ್ಲಿ ತಳ್ಳುವುದಕ್ಕೆ ಇರುವುದು ಹೊರಗಿನ ಗಾಳಿಯ ಒತ್ತಡ ಮಾತ್ರ, ಸಮುದ್ರಮಟ್ಟದಲ್ಲಿ ಸುಮಾರು 101 ಕಿಲೋಪಾಸ್ಕಲ್. ಆದ್ದರಿಂದ ದಾರಿಗಳು ಕಮ್ಮಿ. ಸಿಲಿಂಡರನ್ನು ಇನ್ನಷ್ಟು ಚೆನ್ನಾಗಿ ತುಂಬಿಸಬೇಕು. ತುಂಬಿದ್ದನ್ನು ಇನ್ನಷ್ಟು ಚೆನ್ನಾಗಿ ಉರಿಸಬೇಕು. ಅದೂ ಸಾಲದಿದ್ದರೆ ಇಂಜಿನ್ನನ್ನು ಜೋರಾಗಿ ತಿರುಗಿಸಬೇಕು.

"ಹಾಗಾದರೆ ಹೋಂಡಾದವರು ಹೇಗೆ ತೆಗೆದರು?" ಅಂದ. ಒಳ್ಳೆಯ ಪ್ರಶ್ನೆ. 1989ರ ಹೋಂಡಾ ಬಿ16ಎ ಕೂಡ 1.6 ಲೀಟರೇ. ಅದು ಕೊಟ್ಟದ್ದು 160 ಹಾರ್ಸ್‌ಪವರ್, ಆದರೆ 7600 ಆರ್‌ಪಿಎಂನಲ್ಲಿ. ಟಾರ್ಕನ್ನು (ತಿರುಗಿಸುವ ಬಲ) ಆರ್‌ಪಿಎಂನಿಂದ ಗುಣಿಸಿ 9549ರಿಂದ ಭಾಗಿಸಿದರೆ ಕಿಲೋವ್ಯಾಟ್ ಬರುತ್ತದೆ. ಲೆಕ್ಕವನ್ನು ತಿರುಗಿಸಿ ನೋಡಿದರೆ, ಅತಿ ಹೆಚ್ಚು ಪವರ್ ಇರುವ ಜಾಗದಲ್ಲಿ ಮಜ್ದಾದ ಟಾರ್ಕ್ ಸುಮಾರು 124 ನ್ಯೂಟನ್ ಮೀಟರ್, ಹೋಂಡಾದ್ದು 148. ಅಂದರೆ ಆ ಅಂತರದಲ್ಲಿ ಹೆಚ್ಚುಕಮ್ಮಿ ಅರ್ಧ ಬಂದದ್ದು ತುಂಬುವುದರಿಂದ, ಉರಿಸುವುದರಿಂದ. ಉಳಿದರ್ಧ ಬರೀ ತಿರುಗುವುದರಿಂದ. ಅಷ್ಟು ಮೇಲೆ ತಿರುಗಿಯೂ ಕೆಳಗೆ ಸಾಯದೆ ಇರಲಿ ಅಂತಲೇ ಅವರು ವಿಟೆಕ್ ಇಟ್ಟು ಎರಡು ಥರದ ಕ್ಯಾಮ್ ಕೆಲಸ ಮಾಡಿಸಿದರು. ನಮ್ಮ ಹತ್ತಿರ ಅದಿಲ್ಲ.

ಈ ಮಾತು ಅವನ ತಲೆಗೆ ಆಗ ಹೋಗಲಿಲ್ಲ. ಆಮೇಲೆ ಹೋಯಿತು, ಅದು ಮುಂದೆ ಬರುತ್ತದೆ.

ಕಾಲಡಿಯ ಮ್ಯಾಟು

ಮೊದಲ ಕಳ್ಳ ಸಿಕ್ಕಿದ್ದು ಟೂಲ್ ಮುಟ್ಟದೆ. ಹಳೆಯ ಕಾರು ಎಳೆಯುತ್ತಿಲ್ಲ ಅಂದಾಗ ನಾನು ಯಾವತ್ತೂ ಮೊದಲು ಮಾಡುವ ಕೆಲಸ ಇದು. ಇಂಜಿನ್ ಆಫ್ ಮಾಡಿ, ಏರ್ ಪೈಪ್ ಬಿಚ್ಚಿ, ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಒಳಗೆ ಟಾರ್ಚ್ ಬಿಟ್ಟೆ. "ಆಕ್ಸಿಲರೇಟರ್ ಪೂರ್ತಿ ಒತ್ತು" ಅಂದೆ.

"ಒತ್ತಿದೀನಿ."

"ಪೂರ್ತಿ ಕಣೋ."

"ನೆಲಕ್ಕೇ ತಾಗಿದೆ!"

ಒಳಗೆ ಬಟರ್‌ಫ್ಲೈ, ಅಂದರೆ ಗಾಳಿ ತಡೆಯುವ ತಟ್ಟೆ, ಓರೆಯಾಗಿ ನಿಂತಿತ್ತು. ನೇರವಾಗಿ ತೆರೆಯಲು ಇನ್ನೂ ಕಾಲು ಭಾಗ ಬಾಕಿ. ಕೈಯಿಂದ ಲಿವರ್ ತಿರುಗಿಸಿದರೆ ಸಲೀಸಾಗಿ ಕೊನೆಯವರೆಗೂ ಹೋಗುತ್ತಿತ್ತು. ಪೆಡಲ್ ಕೆಳಗೆ ನೋಡಿದರೆ ಯಾರೋ ಹಾಕಿಸಿದ ದಪ್ಪ ರಬ್ಬರ್ ಮ್ಯಾಟ್, ಅದರ ಕೆಳಗೆ ಇನ್ನೊಂದು ಹಳೇ ಮ್ಯಾಟ್. ಜೊತೆಗೆ ಕೇಬಲ್ ಸಡಿಲ. ಪೆಡಲ್ ನೆಲಕ್ಕೆ ತಾಗುತ್ತಿರಲೇ ಇಲ್ಲ, ಮ್ಯಾಟಿಗೆ ತಾಗುತ್ತಿತ್ತು.

ಇದರಲ್ಲಿ ಇನ್ನೊಂದು ಪೆಟ್ಟೂ ಇದೆ. ಆ ಕಾಲದ ಮ್ಯಾನುವಲ್ ಗೇರಿನ 1.6ರಲ್ಲಿ ಥ್ರಾಟಲ್ ಎಷ್ಟು ತೆರೆದಿದೆ ಅಂತ ಅಳೆಯುವ ಸೆನ್ಸರ್ ಇಲ್ಲ. ಬರೀ ಒಂದು ಸ್ವಿಚ್ ಇದೆ. ಅದಕ್ಕೆ ಎರಡೇ ಗೊತ್ತು: ಪೂರ್ತಿ ಮುಚ್ಚಿದೆ, ಪೂರ್ತಿ ತೆರೆದಿದೆ. ಎರಡನೆಯದು ಒತ್ತಿಕೊಂಡಿದ್ದೇ ಇಲ್ಲ. ಪೂರ್ತಿ ಪವರ್ ಬೇಕಾದಾಗ ಜಾಸ್ತಿ ಪೆಟ್ರೋಲ್ ಕೊಡು ಅನ್ನುವ ಸುದ್ದಿ ಇಸಿಯುಗೆ ಹೋಗಿಯೇ ಇರಲಿಲ್ಲ.

ಮ್ಯಾಟ್ ತೆಗೆದು, ಕೇಬಲ್ಲಿನ ಸಡಿಲ ಬಿಗಿ ಮಾಡಿದೆವು. 86. ಗೆಳೆಯನಿಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಹೊಸ ರಬ್ಬರ್ ರಿಂಗ್

ಈ ಇಂಜಿನ್ನಿನಲ್ಲಿ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಇಲ್ಲ. ಹೆಡ್ಡಿನ (ಸಿಲಿಂಡರುಗಳ ಮೇಲಿನ ಮುಚ್ಚಳ) ಹಿಂಭಾಗದಲ್ಲಿ, ಕ್ಯಾಮಿನ ತುದಿಗೆ ಕೂತ ಸೆನ್ಸರ್ ಒಂದು ಇಗ್ನಿಷನ್ ಟೈಮಿಂಗ್, ಅಂದರೆ ಕಿಡಿ ಯಾವಾಗ ಬೀಳಬೇಕು ಅಂತ, ಹೇಳುತ್ತದೆ. ಅದನ್ನು ಕೈಯಿಂದ ತಿರುಗಿಸಿ ಟೈಮಿಂಗ್ ಸೆಟ್ ಮಾಡಬೇಕು. ಬೋಲ್ಟ್ ಇರುವುದು ಹೆಡ್ಡಿಗೂ ಹಿಂದಿನ ಗೋಡೆಗೂ ನಡುವೆ. ಕೈ ಹೋಗುತ್ತದೆ, ಕಣ್ಣು ಹೋಗುವುದಿಲ್ಲ.

ಆ ಸೆನ್ಸರಿನ ಬುಡದಲ್ಲಿ ಒಂದು ಓ-ರಿಂಗ್. ವರ್ಷಗಳು ಕಳೆದಂತೆ ರಬ್ಬರ್ ಗಟ್ಟಿಯಾಗಿ ಎಣ್ಣೆ ಜಿನುಗಲು ಶುರುವಾಗುತ್ತದೆ. ಇಲ್ಲಿ ಸುತ್ತಮುತ್ತ ಎಲ್ಲಾ ಕಪ್ಪು ಜಿಡ್ಡು. ಅಷ್ಟು ಕೊಳೆಯ ನಡುವೆ ಆ ಒಂದು ರಿಂಗ್ ಮಾತ್ರ ಹೊಸದು, ಮಿರಿಮಿರಿ ಮಿಂಚುತ್ತಿತ್ತು. ಅಂದರೆ ಯಾರೋ ಇತ್ತೀಚೆಗೆ ಸೆನ್ಸರ್ ಕಿತ್ತು ರಿಂಗ್ ಬದಲಿಸಿದ್ದಾರೆ. ಟೈಮಿಂಗ್ ಮತ್ತೆ ಸರಿಯಾಗಿ ಸೆಟ್ ಮಾಡಿದ್ದಾರಾ?

ಇಂಜಿನ್ ಚೆನ್ನಾಗಿ ಕಾಯಿಸಿ, ಒಂದನೇ ಪ್ಲಗ್ಗಿನ ವೈರಿಗೆ ಟೈಮಿಂಗ್ ಲೈಟ್ ಸಿಕ್ಕಿಸಿದೆ. ಲೈಟು 10 ಡಿಗ್ರಿ ತೋರಿಸಿತು, ಅಂದರೆ ಪಿಸ್ಟನ್ ಮೇಲಿನ ತುದಿ ತಲುಪಲು ಕ್ರ್ಯಾಂಕ್ ಇನ್ನೂ 10 ಡಿಗ್ರಿ ತಿರುಗಬೇಕಿರುವಾಗಲೇ ಕಿಡಿ. ಕಾರ್ಖಾನೆ ಹೇಳುವುದೂ 10 ಡಿಗ್ರಿಯೇ. ಇಲ್ಲಿಗೇ ಬಿಟ್ಟಿದ್ದರೆ ನಾನೂ ಮೋಸ ಹೋಗುತ್ತಿದ್ದೆ. ಬಾನೆಟ್ ಒಳಗೆ ಒಂದು ಡಯಾಗ್ನಾಸ್ಟಿಕ್ ಡಬ್ಬ ಇದೆ. ಅದರಲ್ಲಿ ಟಿಇಎನ್ ಮತ್ತು ಜಿಎನ್‌ಡಿ ಅಂತ ಎರಡು ತೂತು. ಅವೆರಡನ್ನೂ ಒಂದು ತುಂಡು ವೈರಿನಿಂದ ಜೋಡಿಸಿದರೆ ಮಾತ್ರ ಇಸಿಯು ತನ್ನ ಕೈ ಹಿಂದೆ ತೆಗೆದುಕೊಳ್ಳುತ್ತದೆ. ಇಲ್ಲದಿದ್ದರೆ ಐಡಲ್ ಸರಿಯಾಗಿಡಲು ಅದು ತಾನೇ ಟೈಮಿಂಗ್ ಹಿಂದೆ ಮುಂದೆ ಮಾಡುತ್ತಿರುತ್ತದೆ. ವೈರು ಜೋಡಿಸಿದೆ. ಪುಲ್ಲಿಯ ಗುರುತು ಜಾರಿ 4 ಡಿಗ್ರಿಗೆ ಬಂದು ನಿಂತಿತು.

ಈಗ ಕಥೆ ತಿಳಿಯಿತು. ರಿಂಗ್ ಹಾಕಿದವರು ಲೈಟೂ ಹಿಡಿದಿದ್ದಾರೆ, 10 ಕೂಡ ನೋಡಿದ್ದಾರೆ. ಆ ತುಂಡು ವೈರು ಮಾತ್ರ ಹಾಕಿಲ್ಲ. ಅಂದಿನಿಂದ ಇಂಜಿನ್ನಿನಲ್ಲಿ ಕಿಡಿ ಎಲ್ಲಾ ವೇಗದಲ್ಲೂ 6 ಡಿಗ್ರಿ ತಡವಾಗಿ ಬೀಳುತ್ತಿದೆ.

ಬೋಲ್ಟ್ ಸಡಿಲಿಸಿ ಸೆನ್ಸರನ್ನು ಕೂದಲೆಳೆಯಷ್ಟು ತಿರುಗಿಸಿದೆ. ನಿಜವಾಗಿಯೂ ಅಷ್ಟೇ ಬೇಕಿರುವುದು. ಬೆರಳು ಸ್ವಲ್ಪ ಜಾಸ್ತಿ ಒತ್ತಿದರೆ ನಾಲ್ಕು ಡಿಗ್ರಿ ಹಾರುತ್ತದೆ. 10ಕ್ಕೆ ಇಟ್ಟು ಓಡಿಸಿದಾಗ 89. ಈ ಇಂಜಿನ್ ಬಲ್ಲವರು ಒಳ್ಳೆಯ ಪೆಟ್ರೋಲ್ ಹಾಕಿಕೊಂಡು 14ರವರೆಗೂ ಇಡುತ್ತಾರೆ. ನಾವೂ 14 ಇಟ್ಟು, ನಾಕಿಂಗ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಿಗೆ ಸಿಡಿದು ಬರುವ ಟಕಟಕ ಸದ್ದು) ಬರುತ್ತಾ ಅಂತ ಕಿವಿಗೊಟ್ಟು ಕೇಳಿದೆವು. ಬರಲಿಲ್ಲ. 91.

ಒಂದು ಮಧ್ಯಾಹ್ನದಲ್ಲಿ ಒಂಬತ್ತು ಹಾರ್ಸ್‌ಪವರ್. ಪಟ್ಟಿಯಲ್ಲಿದ್ದ ಒಂದು ಸಾಮಾನನ್ನೂ ಮುಟ್ಟಿರಲಿಲ್ಲ.

ಮೂರನೇ ಸಿಲಿಂಡರ್

ಇನ್ನೂ ಏಳು ಬಾಕಿ. ನಾಲ್ಕೂ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು, ಕಂಪ್ರೆಶನ್, ಅಂದರೆ ಪ್ರತಿ ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತುತ್ತದೆ ಅಂತ ಅಳೆದೆವು. ಮೊದಲನೆಯದು 178 ಪಿಎಸ್‌ಐ, ಎರಡು 180, ಮೂರು 141, ನಾಲ್ಕು 176.

ಮೂರನೆಯದಕ್ಕೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದೆವು. ಪಿಸ್ಟನ್ ರಿಂಗ್ ಸವೆದಿದ್ದರೆ ಎಣ್ಣೆ ಆ ಸಂದು ಮುಚ್ಚಿ ಅಂಕಿ ಜಿಗಿಯಬೇಕು. 145 ಆಯಿತು ಅಷ್ಟೇ. ಹಾಗಾದರೆ ವಾಲ್ವ್, ಇಲ್ಲವೇ ಗ್ಯಾಸ್ಕೆಟ್. ಪಿಸ್ಟನ್ ಮೇಲಿನ ತುದಿಯಲ್ಲಿ ನಿಲ್ಲಿಸಿ, ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಬಿಟ್ಟೆವು. ಗಾಳಿ ಎಲ್ಲಿಂದ ಹೊರಗೆ ಬರುತ್ತದೋ ಅಲ್ಲೇ ತೂತು. ಆಯಿಲ್ ಕ್ಯಾಪ್ ತೆಗೆದು ಕೇಳಿದರೆ ಸದ್ದಿಲ್ಲ. ರೇಡಿಯೇಟರಿನಲ್ಲಿ ಗುಳ್ಳೆ ಇಲ್ಲ. ಥ್ರಾಟಲ್ ಕಡೆಯೂ ಇಲ್ಲ. ಗೆಳೆಯ ಹಿಂದೆ ಹೋಗಿ ಸೈಲೆನ್ಸರ್ ಪೈಪಿಗೆ ಕಿವಿ ಕೊಟ್ಟ.

"ಹಾವು ಬುಸುಗುಟ್ಟಿದ ಹಾಗಿದೆ!"

ಎಕ್ಸಾಸ್ಟ್ ವಾಲ್ವ್. ಇದಕ್ಕೆ ಟ್ಯಾಪೆಟ್ ಸೆಟ್ ಮಾಡಿ ನೋಡೋಣ ಅನ್ನುವ ಹಾಗಿಲ್ಲ. ಈ ಇಂಜಿನ್ನಿನಲ್ಲಿರುವುದು ಹೈಡ್ರಾಲಿಕ್ ಲಿಫ್ಟರ್, ಗ್ಯಾಪ್ ತಾನೇ ಸರಿಮಾಡಿಕೊಳ್ಳುತ್ತದೆ. ಹೆಡ್ ಇಳಿಸಲೇಬೇಕು.

ಇಳಿಸಿದಾಗ ಮೂರನೇ ಸಿಲಿಂಡರಿನ ಒಂದು ಎಕ್ಸಾಸ್ಟ್ ವಾಲ್ವಿನ ಅಂಚು ಉಗುರಿನಷ್ಟು ಜಾಗದಲ್ಲಿ ಸುಟ್ಟು ಬಿಳಿಚಿಕೊಂಡಿತ್ತು. ಸೀಟಿನ ಮೇಲೂ ಅದೇ ಜಾಗದಲ್ಲಿ ಗುಳಿ. ಇಲ್ಲಿ ನನಗೆ ಆ ರಬ್ಬರ್ ರಿಂಗ್ ಮತ್ತೆ ನೆನಪಾಯಿತು. ಕಿಡಿ ತಡವಾದರೆ ಉರಿ ಮುಗಿಯುವುದೂ ತಡವಾಗುತ್ತದೆ. ಪಿಸ್ಟನ್ ತಳ್ಳಬೇಕಾದ ಬಿಸಿ ಎಕ್ಸಾಸ್ಟ್ ವಾಲ್ವಿನ ಮೇಲೆ ಹೋಗುತ್ತದೆ. ಸೀಟಿನ ಮೇಲೆ ಸ್ವಲ್ಪ ಕರಿ ಕೂತು ಮೊದಲೇ ಸರಿಯಾಗಿ ಮುಚ್ಚದ ವಾಲ್ವ್ ಇದ್ದರೆ, ಅದಕ್ಕೆ ಈ ಬಿಸಿ ಸಾಕು. ಅದೇ ಕಾರಣ ಅಂತ ಕೋರ್ಟಿನಲ್ಲಿ ಹೇಳಲಾರೆ. ಆದರೆ ನನ್ನ ಅನುಮಾನ ಅದರ ಮೇಲೇ.

ಹೆಡ್ ಕೆಳಗಿರುವಾಗ

ಹೆಡ್ ಹೇಗೂ ಇಳಿದಿದೆ. ಎಲ್ಲರೂ ಇಲ್ಲೇ ಹಾಳಾಗುವುದು. "ಇಳಿಸಿದ್ದೀವಲ್ಲ, ಅದನ್ನೂ ಮಾಡಿಬಿಡೋಣ" ಅನ್ನುವ ಮಾತಿಗೆ ಕೊನೆಯಿಲ್ಲ.

ಮಾಡಿದ್ದು ಇಷ್ಟು. ಸುಟ್ಟ ವಾಲ್ವ್ ಬದಲು. ಎಲ್ಲಾ ಸೀಟುಗಳನ್ನೂ ಮೂರು ಕೋನದಲ್ಲಿ ಕತ್ತರಿಸಿ, ಗ್ರೈಂಡಿಂಗ್ ಪೇಸ್ಟಿನಲ್ಲಿ ವಾಲ್ವ್ ಕೂರಿಸಿದೆವು. ಹೊಸ ಸ್ಟೆಮ್ ಸೀಲ್. ಸೀಟಿನ ಕೆಳಗೆ, ಎರಕದ ಅಂಚು ಏಣಿನಂತೆ ಎದ್ದಿದ್ದ ಕಡೆ ಮಾತ್ರ ಹುಷಾರಾಗಿ ಉಜ್ಜಿ ಸಮ ಮಾಡಿದೆವು. ಗಾಳಿ ತಿರುವು ತೆಗೆದುಕೊಳ್ಳುವುದು ಅಲ್ಲಿ, ಏಣು ಅಡ್ಡ ಬರುವುದೂ ಅಲ್ಲೇ. ಪೋರ್ಟ್ ಪೂರ್ತಿ ಅಗಲ ಮಾಡಲಿಲ್ಲ. ಅಗಲವಾದರೆ ಗಾಳಿಯ ವೇಗ ಬೀಳುತ್ತದೆ, ಕಮ್ಮಿ ಆರ್‌ಪಿಎಂನಲ್ಲಿ ಸಿಲಿಂಡರ್ ಸರಿಯಾಗಿ ತುಂಬುವುದಿಲ್ಲ. ಕನ್ನಡಿಯ ಹಾಗೆ ಪಾಲಿಶ್ ಮಾಡುವುದಂತೂ ಫೋಟೋಗೆ ಚೆಂದ, ಅಷ್ಟೇ.

ಕಂಪ್ರೆಶನ್ ರೇಶಿಯೋ (ಒಳಗೆ ಬಂದ ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವುದು) ಬಗ್ಗೆ ಒಂದಿಷ್ಟು ವಾದ ನಡೆಯಿತು. ಕಾರ್ಖಾನೆಯಲ್ಲಿ ಇದ್ದದ್ದು 9.4. ಗೆಳೆಯ 10.5 ಕೇಳಿದ. ಒಂದು ಸಿಲಿಂಡರ್ 399 ಸಿಸಿ. 9.4 ಬರಬೇಕಾದರೆ ಪಿಸ್ಟನ್ ಮೇಲೆ ನಿಂತಾಗ ಉಳಿಯುವ ಜಾಗ ಸುಮಾರು 47.5 ಸಿಸಿ ಇರಬೇಕು. 10.5ಕ್ಕೆ ಅದು 42 ಆಗಬೇಕು. ಐದೂವರೆ ಸಿಸಿ ಕಮ್ಮಿ ಮಾಡಲು ಹೆಡ್ಡಿನಿಂದ ಒಂದು ಮಿಲಿಮೀಟರಿಗೂ ಜಾಸ್ತಿ ಕತ್ತರಿಸಬೇಕು. ಅಷ್ಟು ಕತ್ತರಿಸಿದರೆ ವಾಲ್ವ್ ಪಿಸ್ಟನ್ನಿಗೆ ಹತ್ತಿರ ಬರುತ್ತದೆ. ಬೆಲ್ಟ್ ಉದ್ದ ಬದಲಾಗುವುದಿಲ್ಲ, ಆದರೆ ಕ್ಯಾಮ್ ಕ್ರ್ಯಾಂಕಿಗೆ ಹತ್ತಿರವಾಗುತ್ತದೆ. ಅದರಿಂದ ಕ್ಯಾಮ್ ಟೈಮಿಂಗ್ ಹಿಂದೆ ಬೀಳುತ್ತದೆ. ನಾಕಿಂಗ್ ಹೆದರಿಕೆ ಬೇರೆ. ಇಷ್ಟೆಲ್ಲಾ ಮಾಡಿದರೆ ಸಿಗುವುದೆಷ್ಟು? ಪಾಠದ ಸೂತ್ರದಂತೆ ನೂರಕ್ಕೆ ಮೂರು.

ಕೊನೆಗೆ ಅರ್ಧ ಮಿಲಿಮೀಟರ್ ಮಾತ್ರ ತೆಗೆಸಿದೆವು. ಹೆಡ್ ಹೇಗೂ ಸ್ವಲ್ಪ ಬಾಗಿತ್ತು, ಸಮತಟ್ಟು ಮಾಡಲೇಬೇಕಿತ್ತು. ಚೇಂಬರ್ ಮೇಲೆ ತೂತಿರುವ ಪಾರದರ್ಶಕ ಅಕ್ರಿಲಿಕ್ ತುಂಡು ಅಂಟಿಸಿ, ಬ್ಯುರೆಟ್ಟಿನಿಂದ ಬಣ್ಣದ ನೀರು ಹನಿ ಹನಿಯಾಗಿ ಬಿಟ್ಟು ನಾಲ್ಕನ್ನೂ ಅಳೆದೆವು. ಎರಡು ಸಿಸಿ ಕಮ್ಮಿಯಾಗಿತ್ತು. ರೇಶಿಯೋ 9.8ರ ಹತ್ತಿರ. ಇದರಿಂದ ಬರುವ ಲಾಭ ನೂರಕ್ಕೆ ಒಂದು. ಸುಮ್ನೆ ದೊಡ್ಡದಾಗಿ ಹೇಳಿಕೊಳ್ಳುವಂಥದ್ದಲ್ಲ.

ಜೋಡಿಸುವಾಗ ಟೈಮಿಂಗ್ ಬೆಲ್ಟಿನ ಮೇಲೆ ಕಣ್ಣಿಟ್ಟೆವು. ಕ್ಯಾಮ್ ಪುಲ್ಲಿಗಳ ಮೇಲೆ ಐ ಮತ್ತು ಇ ಅಂತ ಗುರುತುಗಳಿವೆ. ಅವುಗಳ ನಡುವೆ ಬೆಲ್ಟಿನ 19 ಹಲ್ಲು ಬರಬೇಕು. ಒಂದು ಹಲ್ಲು ತಪ್ಪಿದರೂ ಇಂಜಿನ್ ಸ್ಟಾರ್ಟ್ ಆಗುತ್ತದೆ, ಓಡುತ್ತದೆ, ಆದರೆ ಎಳೆಯುವುದಿಲ್ಲ. ಕೈಯಿಂದ ಕ್ರ್ಯಾಂಕ್ ಎರಡು ಸುತ್ತು ತಿರುಗಿಸಿ ಮತ್ತೆ ಎಣಿಸಿದೆವು. ಮೂರನೇ ಸಲವೂ ಎಣಿಸಿದೆ. ಅದು ನನ್ನ ಚಟ.

ಡೈನೋ 97 ತೋರಿಸಿತು.

ಫಿಲ್ಟರ್, ಪೈಪು

ಶಂಕು ಫಿಲ್ಟರ್ ಬಗ್ಗೆ ಒಂದು ತಮಾಷೆ ಇದೆ. ಡೈನೋ ಮೇಲೆ ಅದು ಒಳ್ಳೆಯದೇ ಅನ್ನಿಸುತ್ತದೆ. ಯಾಕೆಂದರೆ ಅಲ್ಲಿ ಬಾನೆಟ್ ತೆರೆದಿರುತ್ತದೆ, ಮುಂದೆ ದೊಡ್ಡ ಫ್ಯಾನ್ ಬೀಸುತ್ತಿರುತ್ತದೆ. ರಸ್ತೆಯಲ್ಲಿ ಬಾನೆಟ್ ಮುಚ್ಚಿದೆ. ಫಿಲ್ಟರ್ ಬಾಯಿಗೆ ಥರ್ಮಾಮೀಟರಿನ ತಂತಿ ಕಟ್ಟಿ ಓಡಿಸಿದೆವು. ಹೊರಗೆ 30 ಡಿಗ್ರಿ. ಓಡುವಾಗ ಫಿಲ್ಟರ್ ಹತ್ತಿರ 44, ಸಿಗ್ನಲ್ಲಿನಲ್ಲಿ ನಿಂತರೆ 58. ಗಾಳಿ ಬಿಸಿಯಾದಷ್ಟೂ ತೆಳುವಾಗುತ್ತದೆ. 44 ಡಿಗ್ರಿಯಲ್ಲಿ ನೂರಕ್ಕೆ ನಾಲ್ಕು, 58ರಲ್ಲಿ ಎಂಟಕ್ಕೂ ಜಾಸ್ತಿ ಗಾಳಿ ಖೋತಾ. ಡಬ್ಬ ಮಾಡಿ, ಮುಂದಿನಿಂದ ತಂಪು ಗಾಳಿ ಬರುವ ಹಾಗೆ ಒಂದು ದಪ್ಪ ಪೈಪ್ ಎಳೆದೆವು. ಡೈನೋದಲ್ಲಿ ಸಿಕ್ಕಿದ್ದು ಒಂದೇ ಹಾರ್ಸ್‌ಪವರ್, 98. ರಸ್ತೆಯಲ್ಲಿ ಅದಕ್ಕಿಂತ ಜಾಸ್ತಿ.

ಕಳೆದ ಹದಿನಾರೂ ಸಿಕ್ಕಿದ್ದವು. ಗೆಳೆಯ ಈಗ ನಿಜವಾದ ಟ್ಯೂನಿಂಗ್ ಶುರುವಾಗುತ್ತಾ ಅಂತ ಕೇಳಿದ.

ಎಕ್ಸಾಸ್ಟಿಗೆ ಹೆಚ್ಚು ಹೊತ್ತು ಹಾಕಲಿಲ್ಲ. ಈ ಇಂಜಿನ್ನಿಗೆ ಕಾರ್ಖಾನೆಯಿಂದಲೇ ಕೊಳವೆ ಬಗ್ಗಿಸಿ ಮಾಡಿದ ಮ್ಯಾನಿಫೋಲ್ಡ್ ಬಂದಿದೆ, ಎರಕದ ಮುದ್ದೆ ಅಲ್ಲ. ಅದನ್ನು ತೆಗೆದು ಹೊಸದು ಹಾಕಿದರೆ ಸಿಗುವುದು ಕಮ್ಮಿ, ಅದನ್ನೇ ಉಳಿಸಿಕೊಂಡೆವು. ಕ್ಯಾಟಲಿಟಿಕ್ ಕನ್ವರ್ಟರ್ ಮುಟ್ಟಲಿಲ್ಲ. ದಪ್ಪ ಪೈಪ್ ಹಾಕಿದರೆ ಬ್ಯಾಕ್ ಪ್ರೆಶರ್ (ಹೊಗೆಗೆ ಪೈಪಿನಲ್ಲಿ ಬರುವ ತಡೆ) ಹೋಗಿ ಪಿಕಪ್ ಸಾಯುತ್ತೆ ಅಂತ ಹೇಳುವವರು ಬಹಳ. ಬ್ಯಾಕ್ ಪ್ರೆಶರ್ ಯಾವ ಇಂಜಿನ್ನಿಗೂ ಬೇಕಿಲ್ಲ. ಬೇಕಿರುವುದು ಹೆಡ್ಡಿನಿಂದ ಹೊರಟ ಮೊದಲ ಕೊಳವೆಗಳಲ್ಲಿ ಹೊಗೆಯ ವೇಗ, ಮತ್ತು ಅಲ್ಲಿ ಓಡಾಡುವ ಒತ್ತಡದ ಅಲೆ ಸರಿಯಾದ ಹೊತ್ತಿಗೆ ವಾಪಸ್ ಬರುವುದು. ಹಿಂದಿನ ದಪ್ಪ ಪೈಪು ಮಾಡುವುದು ಮುಖ್ಯವಾಗಿ ಗಲಾಟೆ. ಅದಕ್ಕೆ ಒಳ್ಳೆಯ ಸೈಲೆನ್ಸರ್ ಒಂದು ಸೇರಿಸಿದೆವು. ಅಂಕಿ ಬದಲಾಗಲಿಲ್ಲ, ತಲೆನೋವು ಹೋಯಿತು.

ಇಸಿಯು ಕೆಲಸದಲ್ಲಿ ನಿಜವಾದ ಲಾಭ ಇತ್ತು. ಹಳೆಯ ವ್ಯವಸ್ಥೆಯಲ್ಲಿ ಗಾಳಿ ಅಳೆಯುವುದು ಸ್ಪ್ರಿಂಗ್ ಹಾಕಿದ ಒಂದು ಪುಟ್ಟ ಬಾಗಿಲು. ಗಾಳಿ ಅದನ್ನು ತಳ್ಳಿಕೊಂಡೇ ಒಳಗೆ ಹೋಗಬೇಕು. ಎಷ್ಟು ಅಡ್ಡ ಬರುತ್ತದೆ ನೋಡೋಣ ಅಂತ ಪಾರದರ್ಶಕ ಟ್ಯೂಬನ್ನು ಯು ಆಕಾರದಲ್ಲಿ ಕಟ್ಟಿ, ನೀರು ತುಂಬಿ, ಬಾಗಿಲಿನ ಎರಡೂ ಕಡೆಗೆ ಜೋಡಿಸಿದೆವು. 6500ರಲ್ಲಿ ನೀರಿನ ಎರಡು ಮಟ್ಟದ ನಡುವೆ 24 ಸೆಂಟಿಮೀಟರ್ ಅಂತರ. ಅಂದರೆ ಸುಮಾರು 2.4 ಕಿಲೋಪಾಸ್ಕಲ್. ಹೊರಗಿನಿಂದ ಸಿಗುವ 101ರಲ್ಲಿ ಅಷ್ಟು ಬಾಗಿಲಲ್ಲೇ ಖರ್ಚು.

ಹೊಸ ಇಸಿಯು ಹಾಕಿ, ಇನ್‌ಟೇಕ್ ಮ್ಯಾನಿಫೋಲ್ಡಿನ ಒತ್ತಡ ಮತ್ತು ಗಾಳಿಯ ಬಿಸಿ ನೋಡಿ ಪೆಟ್ರೋಲ್ ಲೆಕ್ಕ ಹಾಕುವ ಹಾಗೆ ಮಾಡಿದೆವು. ಬಾಗಿಲು ಹೊರಗೆ ಹೋಯಿತು. ಹೊಗೆ ನೋಡಿ ಗಾಳಿ-ಪೆಟ್ರೋಲ್ ಪ್ರಮಾಣ ಹೇಳುವ ವೈಡ್‌ಬ್ಯಾಂಡ್ ಸೆನ್ಸರ್ ಇಟ್ಟು ನೋಡಿದಾಗ, ಹಳೆಯ ಇಸಿಯು ಪೂರ್ತಿ ಥ್ರಾಟಲಿನಲ್ಲಿ ಒಂದು ಭಾಗ ಪೆಟ್ರೋಲಿಗೆ 11.3 ಭಾಗ ಗಾಳಿ ಇಡುತ್ತಿತ್ತು. ಇಂಜಿನ್ ಕಾಪಾಡಲು ಹಾಗೆ ಇಟ್ಟದ್ದು, ಆದರೆ ಪೆಟ್ರೋಲ್ ಜಾಸ್ತಿಯೇ. 12.8ಕ್ಕೆ ತಂದೆವು. ಟೈಮಿಂಗ್ 24 ಡಿಗ್ರಿಯಿಂದ ಶುರುಮಾಡಿ ಎರಡೆರಡು ಡಿಗ್ರಿ ಏರಿಸುತ್ತಾ ಹೋದೆವು. ಪ್ರತಿ ಸಲವೂ ಬ್ಲಾಕಿಗೆ ಕಟ್ಟಿದ ನಾಕ್ ಮೈಕಿನ ಹೆಡ್‌ಫೋನ್ ನನ್ನ ಕಿವಿಯಲ್ಲಿ. 28ರ ನಂತರ ಟಾರ್ಕ್ ಏರಲಿಲ್ಲ. ನಾಕಿಂಗ್ ಇನ್ನೂ ಬಂದಿರಲಿಲ್ಲ, ಆದರೂ ಅಲ್ಲೇ ನಿಲ್ಲಿಸಿದೆ. ಏನೂ ಕೊಡದ ಡಿಗ್ರಿ ಯಾಕೆ ಬೇಕು? ಇಂಜೆಕ್ಟರ್ ತೆರೆದಿರುವ ಹೊತ್ತು ನೂರಕ್ಕೆ ಎಂಬತ್ತರ ಒಳಗೇ ಇತ್ತು, ಬದಲಿಸಬೇಕಾಗಲಿಲ್ಲ.

104.

ಡೈನೋ ಕೆಲಸ ಒಂದು ದಿನ. ಬೆಳಿಗ್ಗೆ ತಣ್ಣಗಿನ ಇಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಗುವ ಹಾಗೆ ಮಾಡಲು ಮೂರು ವಾರ ಹಿಡಿಯಿತು. ಇಂಜಿನ್ ಪೂರ್ತಿ ತಣ್ಣಗಾಗಬೇಕು, ಹಾಗಾಗಿ ದಿನಕ್ಕೆ ಒಂದೇ ಪ್ರಯತ್ನ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ.

ಕ್ಯಾಮ್

82ರಿಂದ 104. ಇಪ್ಪತ್ತೆರಡು ಬಂದಿತ್ತು. ಅವನಿಗೆ ಬೇಕಿದ್ದದ್ದು ಮೂವತ್ತು. "ಎಂಟೇ ತಾನೇ ಬಾಕಿ" ಅಂತ ಕ್ಯಾಮ್ ತಂದೇಬಿಟ್ಟ. ವಾಲ್ವನ್ನು ಜಾಸ್ತಿ ಹೊತ್ತು, ಜಾಸ್ತಿ ಎತ್ತರಕ್ಕೆ ತೆರೆಯುವಂಥವು.

ಹಾಕಿದೆವು, ಮ್ಯಾಪ್ (ಇಸಿಯುವಿನ ಪೆಟ್ರೋಲ್, ಟೈಮಿಂಗ್ ಲೆಕ್ಕ) ಮತ್ತೆ ಮಾಡಿದೆವು. 7000ದಲ್ಲಿ 110. ಡೈನೋ ಕೋಣೆಯಲ್ಲಿ ಅವನ ಮುಖ ನೋಡಬೇಕಿತ್ತು. ನಾನು ನೋಡುತ್ತಿದ್ದದ್ದು ಗೆರೆಯ ಎಡಭಾಗವನ್ನು. 3000ದ ಹತ್ತಿರ ಚಕ್ರದಲ್ಲಿ 12 ನ್ಯೂಟನ್ ಮೀಟರ್ ಕಮ್ಮಿಯಾಗಿತ್ತು.

ಕಾರಣ ಸರಳ. ದೊಡ್ಡ ಕ್ಯಾಮಿನಲ್ಲಿ ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುತ್ತದೆ. ವೇಗವಾಗಿ ತಿರುಗುವಾಗ ಗಾಳಿಗೆ ಓಟದ ಬಲ ಇರುತ್ತದೆ, ಪಿಸ್ಟನ್ ಮೇಲೆ ಬರಲು ಶುರುಮಾಡಿದರೂ ಗಾಳಿ ಒಳಗೆ ನುಗ್ಗುತ್ತಲೇ ಇರುತ್ತದೆ. ನಿಧಾನವಾಗಿ ತಿರುಗುವಾಗ ಆ ಬಲ ಇಲ್ಲ. ಒಳಗೆ ಬಂದದ್ದನ್ನೇ ಪಿಸ್ಟನ್ ತಿರುಗಿ ಹೊರಗೆ ತಳ್ಳುತ್ತದೆ.

ಎರಡು ವಾರ ಬಿಟ್ಟು ಅವನೇ ಬಂದ. "ಪಿಕಪ್ ಎಲ್ಲಿ ಹೋಯ್ತೋ? ಲಾರಿ ದಾಟಬೇಕು ಅಂದರೆ ಎರಡು ಗೇರ್ ಇಳಿಸಬೇಕು." ಐಡಲ್ ಕೂಡ ಕುಂಟುತ್ತಿತ್ತು. 1100ಕ್ಕಿಂತ ಕೆಳಗಿಟ್ಟರೆ ನಿಂತೇ ಹೋಗುತ್ತಿತ್ತು. ಇಸಿಯು ಎಲ್ಲವನ್ನೂ ಬರೆದಿಟ್ಟುಕೊಂಡಿರುತ್ತದಲ್ಲ, ಅದನ್ನು ತೆಗೆದು ತೋರಿಸಿದೆ. ಅವನು ಓಡಿಸಿದ ಒಂದು ಗಂಟೆಯಲ್ಲಿ ಇಂಜಿನ್ 6000 ದಾಟಿದ್ದು ಎರಡು ನಿಮಿಷವೂ ಇಲ್ಲ. ಮುಕ್ಕಾಲು ಪಾಲು ಹೊತ್ತು 2000ದಿಂದ 4000ದೊಳಗೆ. ಹೊಸ ಆರು ಹಾರ್ಸ್‌ಪವರ್ ಇದ್ದದ್ದು ಅವನು ಹೋಗದ ಜಾಗದಲ್ಲಿ.

ಪರದೆಯನ್ನೇ ಒಂದಷ್ಟು ಹೊತ್ತು ನೋಡಿದ. "ಹೋಂಡಾದವರು ಎರಡು ಕ್ಯಾಮ್ ಇಟ್ಟದ್ದು ಇದಕ್ಕೇನಾ?" ಅಂದ.

ಹಳೆಯ ಕ್ಯಾಮ್ ವಾಪಸ್ ಹಾಕಿದೆವು. ಮತ್ತೆ 19 ಹಲ್ಲು, ಮತ್ತೆ ಮೂರು ಸಲ ಎಣಿಕೆ. ಡೈನೋದಲ್ಲಿ 104, ಮೊದಲಿನ ಗೆರೆಯ ಮೇಲೇ ಕೂತಿತು.

ಎಂಟು ತಿಂಗಳ ನಂತರ ಕಂಪ್ರೆಶನ್ ಮತ್ತೆ ಅಳೆದಾಗ ನಾಲ್ಕೂ 186ರಿಂದ 190ರ ನಡುವೆ ಇದ್ದವು. ಪ್ಲಗ್ಗಿನ ಬಣ್ಣ ತಿಳಿ ಕಂದು. ಸೆನ್ಸರಿನ ಬುಡದಲ್ಲಿ ಎಣ್ಣೆ ಇಲ್ಲ. ಕಾಲಡಿಗೆ ಈಗ ತೆಳು ಮ್ಯಾಟ್ ಬಂದಿದೆ. ಆ ದೊಡ್ಡ ಕ್ಯಾಮ್‌ಗಳು ಎಣ್ಣೆ ಬಟ್ಟೆ ಸುತ್ತಿಕೊಂಡು ಅವನ ಬೀರುವಿನ ಕೆಳಗಿನ ಖಾನೆಯಲ್ಲಿವೆ. ಮಾರಿಬಿಡು ಅಂದರೆ, "ಇರಲಿ ಬಿಡೋ" ಅನ್ನುತ್ತಾನೆ.